765ರ ಪಕ್ಕದಲ್ಲಿ 792

ಪುಣೆಯ ಬುಧವಾರ ಪೇಟೆಯಲ್ಲಿ, ಪಾಸೋಡ್ಯಾ ವಿಠೋಬಾ ಗುಡಿಯ ಸುತ್ತಲಿನ ಅಂಗಡಿಗಳಲ್ಲಿ, ಕೆಪಾಸಿಟರು ಬಿಡಿಯಾಗಿ ಸಿಗುತ್ತದೆ. ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಮೂಕವಾದರೆ ಮೊದಲ ಗುಮಾನಿ ಅದರ ಮೇಲೆಯೇ: ಒಳಗಿನ ದ್ರವ ಒಣಗಿರುತ್ತದೆ. ಜರ್ಮೇನಿಯಂ ಟ್ರಾನ್ಸಿಸ್ಟರೇ ಸತ್ತಿದ್ದರೆ ಕಷ್ಟ. ಅದು ಸುಮಾರು 0.2 ವೋಲ್ಟಿಗೆ ಎಚ್ಚರವಾಗುವಂಥದ್ದು. ಬದಲಿಗೆ ಬರುವ ಸಿಲಿಕಾನ್ 0.6 ಕೇಳುತ್ತದೆ.

ಕನ್ನಡದ ಮನೆಯಲ್ಲಿ ದನಿ ಬಂದರಷ್ಟೇ ರಿಪೇರಿ ಮುಗಿಯದು. ಪುಣೆ ಆಕಾಶವಾಣಿಯದು 792 ಕಿಲೋಹರ್ಟ್ಸ್. 1950ರಲ್ಲಿ ಶುರುವಾದ ಧಾರವಾಡದ್ದು 765. ಡಯಲಿನ ಮೇಲೆ ನಡುವೆ ಕೂದಲೆಳೆಯಷ್ಟೇ ಜಾಗ. 455ರ ಕಾಯಿಲ್‌ಗಳು ಹದ ತಪ್ಪಿದ್ದರೆ ಊರಿನ ಮರಾಠಿಯೇ ಎರಡೂ ಕಡೆ ಹರಡಿಕೊಳ್ಳುತ್ತದೆ. ಹದವಾಗಿದ್ದರೆ, ಅಯಾನುಗೋಲ ದೂರದ ಅಲೆಯನ್ನು ಬಾಗಿಸಿ ಇಳಿಸುವ ರಾತ್ರಿಹೊತ್ತು ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸಬೇಕು. ಫೆರೈಟ್ ಕಡ್ಡಿಯ ತುದಿ ಪುಣೆಯ ಗೋಪುರದತ್ತ ನೆಟ್ಟಾಗ ಮರಾಠಿ ತಗ್ಗುತ್ತದೆ. ಅದು ತಗ್ಗಿದಷ್ಟೂ ಧಾರವಾಡ ಕೇಳಿಸುತ್ತದೆ.