ಏನು ವಿಶೇಷ?

ನಮ್ಮ ಕಡೆ ಹೆಣ್ಣೊಬ್ಬಳು ಕೊಂಚ ಚೆನ್ನಾಗಿ ಬಟ್ಟೆ ತೊಟ್ಟು ಹೊಸಿಲು ದಾಟಿದರೆ ಸಾಕು, ಬೀದಿಯಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಏನು ವಿಶೇಷ?’ ಕೇಳುವವರಲ್ಲಿ ಕೆಟ್ಟ ಮನಸ್ಸೇನೂ ಇರುವುದಿಲ್ಲ. ಮದುವೆಯೋ ನಾಮಕರಣವೋ ಜಾತ್ರೆಯೋ, ಏನಾದರೊಂದು ಕಾರಣ ಹೇಳಿಬಿಟ್ಟರೆ ಅವರ ಪಾಡಿಗೆ ಅವರು ಹೋಗುತ್ತಾರೆ. ಕಾರಣ ಇಲ್ಲ ಎಂದರೆ ಮಾತ್ರ ನಿಂತು ಇನ್ನೊಮ್ಮೆ ನೋಡುತ್ತಾರೆ. ಇದೇ ಮಾತಿಗೆ ಬೇರೊಂದು ಅರ್ಥವೂ ಇದೆ. ಮದುವೆಯಾಗಿ ಒಂದೆರಡು ವರ್ಷ ಕಳೆದವಳನ್ನು ‘ಏನಾದ್ರೂ ವಿಶೇಷನಾ?’ ಎಂದು ಕೇಳಿದರೆ ಅದು ಸೀರೆಯ ವಿಚಾರವಲ್ಲ, ಹೊಟ್ಟೆಯ ವಿಚಾರ.

ಪಿರಿಯಾಪಟ್ಟಣದ ನನ್ನ ಗೆಳತಿಗೆ ಮದುವೆಯಾಗಿ ನಾಲ್ಕು ವರ್ಷ. ಅವಳು ನೆಂಟರ ಸಮಾರಂಭಗಳಲ್ಲಿ ಅಲಂಕಾರ ಮಾಡಿಕೊಳ್ಳುವುದನ್ನೇ ಬಿಟ್ಟಿದ್ದಳು. ರೇಷ್ಮೆ ಸೀರೆ ಉಟ್ಟರೆ ಜನ ಹತ್ತಿರ ಬರುತ್ತಾರೆ, ಹತ್ತಿರ ಬಂದವರು ಕೇಳುತ್ತಾರೆ. ಹಳೆಯ ಚೂಡಿದಾರ ಹಾಕಿಕೊಂಡು ಅಡುಗೆಯವರ ಪಕ್ಕ ನಿಂತರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇದನ್ನೆಲ್ಲ ಫೋನಿನಲ್ಲಿ ನಗುತ್ತಲೇ ಹೇಳಿದವಳು ಕೊನೆಗೆ, ‘ಯಾವ ವಿಶೇಷಾನೂ ಇಲ್ದೆ ಒಂದಿನ ಚೆನ್ನಾಗಿ ರೆಡಿಯಾಗ್ಬೇಕು ಕಣೇ’ ಎಂದಳು. ಚುಂಚನಕಟ್ಟೆಯಲ್ಲಿ ನಾವು ನಾಲ್ವರು ಸೇರಿದ್ದು ಆ ಒಂದು ಮಾತಿನಿಂದ.

ಏನು ತೊಡಬೇಕು ಎಂಬ ಬಗ್ಗೆ ಚರ್ಚೆಯೇ ಆಗಲಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಒಂದೇ ಲ್ಯಾಪ್‌ಟಾಪಿನ ಸುತ್ತ ಕೂತು ನಾವು ‘ಕಾಮಿಕಾಜೆ ಗರ್ಲ್ಸ್’ ಎಂಬ ಜಪಾನಿ ಸಿನಿಮಾ ನೋಡಿದ್ದೆವು. ನೊವಾಲಾ ತಾಕೆಮೊತೊ 2002ರಲ್ಲಿ ಬರೆದ ಕಾದಂಬರಿಯನ್ನು ಆಧರಿಸಿ 2004ರಲ್ಲಿ ಬಂದ ಚಿತ್ರ ಅದು. ಶಿಮೊತ್ಸುಮಾ ಎಂಬ ಊರು, ಸುತ್ತ ಭತ್ತದ ಗದ್ದೆ. ಊರಿನವರೆಲ್ಲ ಒಂದೇ ಸೂಪರ್ ಮಾರ್ಕೆಟ್ಟಿನಲ್ಲಿ ಬಟ್ಟೆ ಕೊಳ್ಳುತ್ತಾರೆ. ಅದರ ನಡುವೆ ಒಬ್ಬಳೇ ಹುಡುಗಿ ಲೇಸು, ನೆರಿಗೆ, ಬಾನೆಟ್ಟು ತೊಟ್ಟು ಕೊಡೆ ಹಿಡಿದು ಗದ್ದೆಯ ದಾರಿಯಲ್ಲಿ ನಡೆಯುತ್ತಾಳೆ. ಅವಳು ತೊಟ್ಟದ್ದೇ ಲೊಲಿಟಾ ಉಡುಪು. ನಮ್ಮಲ್ಲಿ ಒಬ್ಬಳು ಹುಣಸೂರಿನವಳು, ಒಬ್ಬಳು ಎಚ್.ಡಿ. ಕೋಟೆಯವಳು, ನಾನು ಕೆ.ಆರ್. ನಗರದವಳು. ಟೋಕಿಯೊದ ಬೀದಿಯಾಗಿದ್ದರೆ ನಾವು ನೋಡಿ ಮರೆತುಬಿಡುತ್ತಿದ್ದೆವೇನೋ. ಗದ್ದೆಯ ಬದು ನಮಗೆ ಗೊತ್ತಿದ್ದ ಜಾಗ.

ಆ ಹೆಸರಿನ ಬಗ್ಗೆ ಸಾಹಿತ್ಯ ಓದಿದವರು ಹುಬ್ಬು ಗಂಟಿಕ್ಕುವುದು ಸಹಜ. ನಬೊಕೊವ್‌ನ 1955ರ ಕಾದಂಬರಿಯಲ್ಲಿ ಲೊಲಿಟಾ ಎಂಬುದು ನಡುವಯಸ್ಸಿನ ಗಂಡಸೊಬ್ಬ ತಾನು ಹಾಳುಮಾಡಿದ ಹನ್ನೆರಡರ ಹುಡುಗಿಗೆ ಇಟ್ಟುಕೊಂಡ ಹೆಸರು. ಕಥೆಯನ್ನೂ ಅವನೇ ಹೇಳುತ್ತಾನೆ. ಜಪಾನಿನ ಹೆಣ್ಣುಮಕ್ಕಳು ಅದೇ ಹೆಸರಿನಡಿ ತೊಟ್ಟದ್ದು ಬೇರೆಯೇ ಬಗೆಯದು. ಮಂಡಿ ಮುಟ್ಟುವ, ಗಂಟೆಯಂತೆ ಉಬ್ಬಿದ ಲಂಗ. ಕೊರಳವರೆಗೆ ಗುಂಡಿ ಇರುವ ಬ್ಲೌಸು. ಉದ್ದನೆಯ ಕಾಲುಚೀಲ, ದುಂಡು ಮೂತಿಯ ಬೂಟು. ಯುರೋಪಿನ ರೊಕೊಕೊ ಮತ್ತು ವಿಕ್ಟೋರಿಯಾ ಕಾಲದ ಉಡುಪುಗಳಿಂದ ಆರಿಸಿಕೊಂಡು ಟೋಕಿಯೊದ ಹರಾಜುಕುದಲ್ಲಿ ಬೆಳೆಸಿದ್ದು. ಅಲ್ಲಿ ಭಾನುವಾರಗಳಲ್ಲಿ ವಾಹನ ನಿಲ್ಲಿಸಿ ರಸ್ತೆಯನ್ನು ನಡೆಯುವವರಿಗೆ ಬಿಡುತ್ತಿದ್ದರು. 1998ರಲ್ಲಿ ಅದು ನಿಂತಮೇಲೂ ಹುಡುಗಿಯರು ಪಕ್ಕದ ಸೇತುವೆಯ ಮೇಲೆ ಬಂದು ಸೇರುತ್ತಿದ್ದರು. ಈ ಉಡುಪಿಗೇ ಮೀಸಲಾದ ‘ಗಾಥಿಕ್ ಅಂಡ್ ಲೊಲಿಟಾ ಬೈಬಲ್’ ಎಂಬ ಪತ್ರಿಕೆ 2001ರಲ್ಲಿ ಶುರುವಾಯಿತು. ಅದರಲ್ಲಿ ಚಿತ್ರಗಳ ಜೊತೆ ಹೊಲಿಯುವವರಿಗೆ ಅಳತೆಯ ನಕ್ಷೆಗಳೂ ಇರುತ್ತಿದ್ದವು. ಗಂಡಸಿಗೆ ತೋರಿಸಲೆಂದು ಇದನ್ನು ತೊಡುವುದಿಲ್ಲ ಎಂದು ತೊಡುವವರು ಹೇಳುತ್ತಲೇ ಬಂದಿದ್ದಾರೆ. ಆದರೂ ಈ ಹೆಸರು ನಮ್ಮ ಬಾಯಿಗೆ ಹಿತವಾಗಲಿಲ್ಲ. ‘ಗೊಂಬೆ ಬಟ್ಟೆ’ ಅನ್ನೋಣವೇ ಎಂದು ಹುಣಸೂರಿನವಳು ಕೇಳಿದಳು. ಕೋಟೆಯವಳು ಒಪ್ಪಲಿಲ್ಲ. ‘ಗೊಂಬೇನ ಬೇರೆಯವ್ರು ಕೂರಿಸ್ತಾರೆ. ನಾವು ನಾವಾಗೇ ಹೋಗಿ ಕೂತ್ಕೋತೀವಲ್ಲ’ ಎಂದಳು.

ಹೆಸರು ಕೊಟ್ಟವರು ನಮ್ಮ ಟೈಲರ್ ಅಕ್ಕ. ಜಪಾನಿನ ಹೆಸರಾಂತ ಕಂಪನಿಗಳ ಹೊಸ ಉಡುಪಿಗೆ 25,000 ಯೆನ್ ಮೀರುವುದು ಸಾಮಾನ್ಯ, ಅದು ನಮ್ಮ ಕೈಗೆಟುಕದು. ಹಾಗಾಗಿ ಮೈಸೂರಿನಲ್ಲಿ ಕಟ್‌ಪೀಸ್ ಅಂಗಡಿಗಳನ್ನು ಸುತ್ತಿ ಹತ್ತಿಬಟ್ಟೆ ತಂದೆವು. ಫೋನಿನಲ್ಲಿದ್ದ ಚಿತ್ರ ನೋಡಿ ಅಕ್ಕ ಕೇಳಿದರು:

‘ಇದು ಮಗೀಗಾ, ನಿಂಗಾ?’

‘ನಂಗೇ ಅಕ್ಕ.’

‘ಯಾವ ನಾಟ್ಕ?’

‘ನಾಟ್ಕ ಅಲ್ಲಕ್ಕ, ಸುಮ್ನೆ.’

‘ಸುಮ್ನೆ ಹಾಕ್ಕೊಳಕೆ ಐದು ಮೀಟ್ರು ಬಟ್ಟೆಯಾ!’

ಆದರೆ ಅಳತೆಯ ಟೇಪು ಕೈಗೆ ಬಂದಮೇಲೆ ಅವರಿಗೆ ನಾವು ಏನನ್ನೂ ಕಲಿಸಬೇಕಾಗಲಿಲ್ಲ. ಲಂಗ ಉಬ್ಬಬೇಕಾದರೆ ಸೊಂಟದ ಮೂರರಷ್ಟು ಬಟ್ಟೆಯನ್ನು ನೆರಿಗೆಗೆ ಹಿಡಿಯಬೇಕು, ಒಳಗಿನ ಪೆಟಿಕೋಟಿಗೆ ಲೆಹೆಂಗಾಕ್ಕೆ ಹಾಕುವ ಕ್ಯಾನ್‌ಕ್ಯಾನ್ ನೆಟ್ಟು ಬೇಕು, ಅದು ಚರ್ಮಕ್ಕೆ ಚುಚ್ಚದಂತೆ ಹತ್ತಿಯ ಲೈನಿಂಗ್ ಕೊಡಬೇಕು ಎಂದು ಅವರೇ ಹೇಳಿದರು. ಬುಗ್ಗೆ ತೋಳು ನೋಡಿದ್ದೇ ‘ನಮ್ಮವ್ವನ ಮದ್ವೆ ಫೋಟೋದಲ್ಲೂ ಇಂಥದ್ದೇ ಐತೆ’ ಎಂದರು. ಅವರ ಮಾತು ಸುಳ್ಳಲ್ಲ. ಬ್ರಿಟಿಷರ ಕಾಲದಲ್ಲಿ ವಿಕ್ಟೋರಿಯಾ ಮಾದರಿಯ ಬುಗ್ಗೆ ತೋಳು, ಲೇಸಿನ ಕೊರಳಪಟ್ಟಿ ನಮ್ಮ ರವಿಕೆಗಳಿಗೂ ಬಂದವು. ಹಳೆಯ ಮನೆಗಳ ಗೋಡೆಯ ಮೇಲಿನ ಕಪ್ಪುಬಿಳುಪು ಫೋಟೊಗಳಲ್ಲಿ ಅವು ಈಗಲೂ ಸಿಗುತ್ತವೆ. ಜಪಾನಿನವರು ತಮಗೆ ಬೇಕಾದಂತೆ ತಿದ್ದಿಕೊಂಡ ಅದೇ ತೋಳು ನಮ್ಮ ಅಜ್ಜಿಯರ ಕಾಲಕ್ಕೇ ಇಲ್ಲಿಗೆ ಬಂದು ಸೀರೆಯ ಸೆರಗಿನ ಕೆಳಗೆ ಕೂತಿತ್ತು. ಮುಗಿದ ಲಂಗವನ್ನು ಮೇಜಿನ ಮೇಲೆ ನಿಲ್ಲಿಸಿ ಅಕ್ಕ, ‘ಕೋಳಿ ಮುಚ್ಚೋ ಬುಟ್ಟಿ ಇದ್ದಂಗೈತೆ’ ಎಂದರು. ಅಂದಿನಿಂದ ಅದು ಬುಟ್ಟಿ ಲಂಗ.

ಜಾಗ ಚುಂಚನಕಟ್ಟೆ ಎಂದು ಗೊತ್ತುಮಾಡಿದ್ದಕ್ಕೆ ಕಾರಣ ಸರಳ. ನಾಲ್ಕು ತಾಲ್ಲೂಕಿನವರೂ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದು. ಸಂಸಾರ ಸಮೇತ ಬರುವವರು ಇರುವುದರಿಂದ ಹೆಣ್ಣುಮಕ್ಕಳು ಕೂರುವುದಕ್ಕೆ ಹೆದರಿಕೆಯಿಲ್ಲ. ಮಳೆಗಾಲದಲ್ಲಿ ಕಾವೇರಿ ಭೋರ್ಗರೆಯುವಾಗ ಬಂಡೆಗಳ ಬಳಿ ಸುಳಿಯುವ ಹಾಗಿಲ್ಲ, ಬೇಸಿಗೆಯಲ್ಲಿ ಬರೀ ಬಂಡೆ. ನವೆಂಬರಿನ ಒಂದು ಭಾನುವಾರ ಎಂದಾಯಿತು. ಲೊಲಿಟಾ ತೊಡುವವರಲ್ಲಿ ಹೆಚ್ಚು ಅಲಂಕಾರವಿಲ್ಲದ ‘ಕ್ಯಾಶುಯಲ್’ ಎಂಬ ಬಗೆಯೊಂದಿದೆ, ನಮ್ಮದು ಅದು. ಬಾನೆಟ್ಟು, ವಿಗ್ಗು ಬೇಡ; ಪೆಟಿಕೋಟು ಮಾತ್ರ ಬಿಡುವಂತಿಲ್ಲ. ಇನ್ನೂ ಮೂರು ನಿಯಮ ಸೇರಿದವು. ಫೋಟೊ ನಮ್ಮ ನಮ್ಮ ಫೋನಿನಲ್ಲೇ ಇರಬೇಕು. ಕೋಟೆಯವಳು ಶಾಲೆಯಲ್ಲಿ ಅತಿಥಿ ಶಿಕ್ಷಕಿ, ಪೋಷಕರ ವಾಟ್ಸಾಪ್ ಗುಂಪಿಗೆ ಅವಳು ಹೆದರುತ್ತಾಳೆ. ಒದ್ದೆ ಬಂಡೆ ಹತ್ತಬಾರದು. ಇಬ್ಬರನ್ನು ಮದುವೆಯ ಬಗ್ಗೆ, ಒಬ್ಬಳನ್ನು ಮಗುವಿನ ಬಗ್ಗೆ, ನನ್ನನ್ನು ಪಿಎಚ್.ಡಿ. ಪ್ರಬಂಧದ ಬಗ್ಗೆ ಯಾರೂ ಕೇಳುವಂತಿಲ್ಲ.

ಪೆಟಿಕೋಟು ಯಾವ ಬ್ಯಾಗಿನಲ್ಲೂ ಹಿಡಿಯದು. ಹಳೆ ಸೀರೆಯಲ್ಲಿ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಕೇಳಿಸುವ ಗೊಣಗಾಟ ಒಂದಿದೆ: ‘ಫ್ರೀ ಅಂತ ಹೆಂಗಸ್ರು ಸುಮ್‌ಸುಮ್ನೆ ಓಡಾಡ್ತಾರೆ.’ ಶೂನ್ಯ ಮೊತ್ತದ ಟಿಕೆಟ್ಟು ಹಿಡಿದು ಕೂತಾಗ ನಾನೂ ಅದನ್ನು ಯೋಚಿಸಿದೆ. ಈ ದಿನದ ಮಟ್ಟಿಗೆ ಅವರು ಹೇಳುವುದು ನಿಜ, ನಾವು ಸುಮ್ಮಸುಮ್ಮನೆಯೇ ಹೊರಟಿದ್ದೆವು. ಗಂಡಸರು ಸಂಜೆ ಅರಳಿಕಟ್ಟೆಗೆ ಹೋಗಿ ಕೂರುವುದಕ್ಕೆ ಯಾರೂ ಕಾರಣ ಕೇಳಿದ್ದನ್ನು ನಾನು ಕಂಡಿಲ್ಲ.

ಹತ್ತಿರದ ಹಳ್ಳಿಯ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಬಟ್ಟೆ ಬದಲಿಸಿದೆವು. ಚಿಕ್ಕಮ್ಮ ಏನೂ ಹೇಳದೆ, ಎಲ್ಲರ ಬೆನ್ನಿನ ಹುಕ್ಕು ಸರಿಯಾಗಿದೆಯೇ ಎಂದು ನೋಡಿ ಕಳಿಸಿದರು. ಪಿರಿಯಾಪಟ್ಟಣದವಳದು ತಿಳಿ ಹಸಿರಿನ ಲಂಗ, ಅಂಚಿಗೆ ಅವಳೇ ಕಸೂತಿ ಹಾಕಿದ ಸಣ್ಣ ಬಿಳಿ ಹೂಗಳು. ದಾರಿಯುದ್ದಕ್ಕೂ ಅದನ್ನು ಕೈಯಿಂದ ಒತ್ತಿ ಒತ್ತಿ ಚಿಕ್ಕದು ಮಾಡಲು ನೋಡುತ್ತಿದ್ದಳು. ನೀರಿನ ಸದ್ದು ಜೋರಾಗುತ್ತ ಬಂದಂತೆ ಕೈ ಬಿಟ್ಟಳು.

ನೋಡದವರಿಲ್ಲ. ಪುರಿ ಮಾರುವ ಅಜ್ಜಿ ‘ಯಾವೂರ್ ನಾಟ್ಕ ಕಂಪ್ನಿಯವ್ವಾ?’ ಎಂದರು. ಪುಟ್ಟ ಹುಡುಗಿಯೊಬ್ಬಳು ಅಮ್ಮನ ಕೈ ಬಿಡಿಸಿಕೊಂಡು ಬಂದು ಲೇಸು ಮುಟ್ಟಿ ಓಡಿಹೋದಳು. ಮೂವರು ಹುಡುಗರು ಫೋನು ಎತ್ತಿ ಹಿಡಿದರು. ಕೋಟೆಯವಳ ಮುಖ ಬಿಳಿಚಿಕೊಂಡಿತು. ಆಮೇಲೆ ಅವಳು ತನ್ನ ಕೊಡೆಯನ್ನು ಬಿಚ್ಚಿ ಅವರ ಕಡೆಗೆ ಗುರಾಣಿಯಂತೆ ನಿಲ್ಲಿಸಿ ಅದರ ಹಿಂದೆ ಕೂತು ಕೋಡುಬಳೆ ತಿನ್ನತೊಡಗಿದಳು. ಹುಡುಗರು ಕೊಡೆಯ ವಿಡಿಯೊ ಎಷ್ಟು ಹೊತ್ತು ಮಾಡಿಯಾರು, ಹೋದರು. ಅವರ ಫೋನಿನಲ್ಲಿ ನಾವು ಇದ್ದೇವೋ ಇಲ್ಲವೋ. ಆ ಅಳುಕು ಅವಳಿಗೆ ಇನ್ನೂ ಇದೆ. ಫ್ಲಾಸ್ಕಿನ ಟೀ, ಕೋಡುಬಳೆ, ಕಡಲೆಪುರಿ, ಚಿಕ್ಕಮ್ಮ ಕಟ್ಟಿಕೊಟ್ಟ ರವೆ ಉಂಡೆ. ಟೋಕಿಯೊದವರು ಇದನ್ನು ಟೀ ಪಾರ್ಟಿ ಅನ್ನುತ್ತಾರೆ.

ಹುಣಸೂರಿನವಳು ಜಾತ್ರೆಯ ನೆನಪು ತೆಗೆದಳು. ಸಂಕ್ರಾಂತಿಯ ಆಸುಪಾಸು ಇಲ್ಲಿ ದೊಡ್ಡ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ಎತ್ತುಗಳಿಗೆ ಕೊರಳ ಗೆಜ್ಜೆ, ಕೊಂಬಿಗೆ ಬಣ್ಣ, ಮೈಮೇಲೆ ಕಸೂತಿಯ ಜೂಲು. ಚಿಕ್ಕಂದಿನಲ್ಲಿ ಅವಳು ಎತ್ತುಗಳನ್ನು ಕಂಡು ಹೊಟ್ಟೆಕಿಚ್ಚು ಪಟ್ಟಿದ್ದಳಂತೆ. ‘ಈಗ ಇಲ್ಲ. ಹಲ್ಲು ನೋಡೋರು ಬರೋ ಮುಂಚೆ ಸಿಂಗಾರ ಮಾಡ್ತಾರೆ ಅಂತ ಗೊತ್ತಾಗಿದೆ’ ಎಂದಳು. ಅವಳನ್ನು ನೋಡಲು ಆ ವರ್ಷ ಐದು ಕಡೆಯವರು ಬಂದು ಹೋಗಿದ್ದರು. ಮೂರನೆಯ ನಿಯಮ ಮುರಿದವಳು ಅವಳೇ ಆದ್ದರಿಂದ ನಾವು ನಗಬಹುದಾಗಿತ್ತು, ನಕ್ಕೆವು.

ನೀರು ಬೀಳುವ ಕಡೆಗೆ ತಿರುಗಿ ಕೂತಾಗ ನನಗೆ ಈ ಸ್ಥಳದ ಕಥೆ ಬೇರೆ ಬಗೆಯಲ್ಲಿ ಕಂಡಿತು. ಚುಂಚ, ಚುಂಚಿ ಎಂಬ ಕಾಡಿನ ದಂಪತಿ ವನವಾಸದಲ್ಲಿದ್ದ ರಾಮ, ಸೀತೆ, ಲಕ್ಷ್ಮಣರನ್ನು ಇಲ್ಲಿ ಉಪಚರಿಸಿದರಂತೆ. ಸೀತೆ ಮೀಯಬೇಕೆಂದಾಗ ಲಕ್ಷ್ಮಣ ಬಂಡೆಗೆ ಬಾಣ ಬಿಟ್ಟು ನೀರು ತರಿಸಿದನಂತೆ. ಅವಳು ಎಣ್ಣೆ, ಅರಿಸಿನ, ಸೀಗೆ ಹಚ್ಚಿ ಮಿಂದ ಬಣ್ಣಗಳು ನೀರಿನಲ್ಲಿ ಇನ್ನೂ ಕಾಣುತ್ತವೆ ಎನ್ನುತ್ತಾರೆ. ಆ ಜಾಗ ಸೀತೆಯ ಬಚ್ಚಲು. ಇದನ್ನು ಎಷ್ಟೋ ಸಲ ಕೇಳಿದ್ದೇನೆ, ಬಾಣದ ಬಗ್ಗೆಯೇ ಯೋಚಿಸಿದ್ದೇನೆ. ಈಗ ಅರಿಸಿನದ ಬಗ್ಗೆ ಯೋಚಿಸಿದೆ. ಕಾಡು, ನಾರುಮಡಿ, ಅರಮನೆಯಿಲ್ಲ, ಹಬ್ಬವಿಲ್ಲ, ನೋಡಲು ಬರುವ ನೆಂಟರಿಲ್ಲ. ಅಲ್ಲಿ ಒಬ್ಬಳು ಹೆಂಗಸು ಬಿಡುವಾಗಿ ಕೂತು ಎಣ್ಣೆ ಹಚ್ಚಿಕೊಂಡಳು ಎಂದು ನಮ್ಮ ಜನ ಕಥೆ ಕಟ್ಟಿ, ಬಂಡೆಗೆ ಆ ಹೆಸರನ್ನೂ ಇಟ್ಟಿದ್ದಾರೆ. ಅವಳನ್ನು ಯಾರೂ ‘ಏನು ವಿಶೇಷ’ ಎಂದು ಕೇಳಲಿಲ್ಲ. ಸಂಜೆ ಚೂಡಿದಾರಕ್ಕೆ ಬದಲಾಗಿ ಕೋದಂಡರಾಮನ ಗುಡಿಗೆ ಹೋದೆವು. ಇಲ್ಲಿ ಸೀತೆ ರಾಮನ ಬಲಗಡೆ ನಿಂತಿದ್ದಾಳೆ. ಬೇರೆಡೆಗಳಲ್ಲಿ ಸಾಮಾನ್ಯವಾಗಿ ಎಡಗಡೆ. ಪಿರಿಯಾಪಟ್ಟಣದವಳು ಬಹಳ ಹೊತ್ತು ನೋಡಿದಳು. ಏನು ಬೇಡಿಕೊಂಡಳೆಂದು ನಾವು ಕೇಳಲಿಲ್ಲ, ನಿಯಮವಿತ್ತಲ್ಲ.

ಒಂದು ದಿನದ ಬುಟ್ಟಿ ಲಂಗದಿಂದ ಅವಳ ಬಾಳಿನಲ್ಲಿ ಏನೂ ಬದಲಾಗಿಲ್ಲ. ಜನ ಕೇಳುವುದನ್ನು ಬಿಟ್ಟಿಲ್ಲ. ಆದರೆ ಮರುವಾರ ಫೋನು ಮಾಡಿ ಒಂದು ವಿಷಯ ಹೇಳಿದಳು. ಒಗೆದ ಲಂಗವನ್ನು ತಂತಿಗೆ ಹಾಕಿದ್ದಾಗ ಅವರತ್ತೆ ಕಂಡು, ಯಾವ ಫಂಕ್ಷನ್ನಿಗೆ ಹೊಲಿಸಿದ್ದು ಎಂದು ಕೇಳಿದರಂತೆ. ಯಾವುದಕ್ಕೂ ಅಲ್ಲ ಎಂದು ಇವಳು ಹೇಳಿದಳಂತೆ. ಅತ್ತೆ ಅಂಚಿನ ಕಸೂತಿಯನ್ನು ಬೆರಳಲ್ಲಿ ಸವರಿ ನೋಡಿದರು. ಆಮೇಲೆ, ಬಿಸಿಲಿಗೆ ಬಣ್ಣ ಹೋಗುತ್ತದೆ ಎಂದು ಹೇಳಿ, ಲಂಗವನ್ನು ಒಳಮಗ್ಗುಲು ಮಾಡಿ ಮತ್ತೆ ತಂತಿಗೆ ಹರವಿದರು.