ಸ್ಕಾರ್ಫ್ ಕಟ್ಟಿದ ಶನಿವಾರಗಳು

ಮಾನ್ವಿಯ ನಮ್ಮ ಮನೆಯಲ್ಲಿ ಶನಿವಾರ ಅಂದರೆ ಇದ್ದಿಲು ಇಸ್ತ್ರಿಯ ಹೊಗೆ, ಹಂಚಿನ ಮೇಲಿನ ಮೊದಲ ರೊಟ್ಟಿಯ ವಾಸನೆ, ಹುಣಸೆಹಣ್ಣು ತಿಕ್ಕಿ ಬೆಳಗಿದ ಬೆಲ್ಟಿನ ಬಕ್ಕಲ. ಮುಂಜಾನಿ ಸಾಲಿ ಬೇರೆ. ಅಣ್ಣನ ಸ್ಕೌಟಿನ ಬೂದು ಅಂಗಿ, ನೀಲಿ ಚಡ್ಡಿ, ಅಕ್ಕನ ಗೈಡ್ಸ್ ಫ್ರಾಕು, ಕಬ್ ಆಗಿದ್ದ ಸಣ್ಣವನ ಟೊಪ್ಪಿಗಿ ಎಲ್ಲ ಒಂದೇ ಗೂಟಕ್ಕೆ ತೂಗುತ್ತಿದ್ದವು. ಸ್ಕಾರ್ಫನ್ನು ಹೊರಸಿನ ಮೇಲೆ ಚಾಚಿ, ಅಂಗೈಯಿಂದ ನೀವಿ, ಬುಡದಿಂದ ಸುರುಳಿ ಸುತ್ತಿ ಕೊರಳಿಗೆ ಹಾಕುವುದು ಅಜ್ಜಿಯ ಕೆಲಸ. ಒಂದು ಸುಕ್ಕು ಕಂಡರೂ ಬಿಚ್ಚಿ ಮತ್ತೆ ಸುತ್ತುತ್ತಿದ್ದಳು.

ಸಂಜೀಕೆ ಅಂಗಳದಲ್ಲಿ ಗಂಟು ಕಲಿಯುವುದು. ಬಲದ ತುದಿ ಎಡದ ಮ್ಯಾಲೆ, ಎಡದ ತುದಿ ಬಲದ ಮ್ಯಾಲೆ, ಇದು ರೀಫ್. ಕ್ಲೋವ್ ಹಿಚ್ ಹಾಕಲು ಅಣ್ಣ ಒದ್ದಾಡುತ್ತಿದ್ದರೆ ಹೊಲದಿಂದ ಬಂದ ಅಪ್ಪ, "ಇದನ್ನ ಎತ್ತಿನ ಗೂಟಕ್ಕ ದಿನಾ ಹಾಕ್ತೀವಲ್ಲೋ" ಅಂತ ಒಂದೇ ಕೈಯಲ್ಲಿ ಬಿಗಿದು ಒಳಗೆ ಹೋಗಿಬಿಟ್ಟ. ಅವತ್ತಿನಿಂದ ಗಂಟಿನ ಪಾಠಕ್ಕೆ ನಮಗೆ ಇಬ್ಬರು ಮಾಸ್ತರರು: ಸಾಲಿಯ ಸ್ಕೌಟ್ ಮಾಸ್ತರರು, ಮನೆಯಲ್ಲಿ ಅಪ್ಪ.

ನವೆಂಬರ್ 7 ಬಂತೆಂದರೆ ಧ್ವಜದ ಸ್ಟಿಕರು ಹಿಡಿದು ಊರೆಲ್ಲ ಸುತ್ತಬೇಕು. 1950ರಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹುಟ್ಟಿದ್ದು ಅದೇ ದಿನ. ರಾಯಚೂರಿನ ದೊಡ್ಡಪ್ಪನ ಮಕ್ಕಳು ತೀನ್ ಕಂದೀಲಿನಲ್ಲಿ, ದೇವದುರ್ಗದ ಸೋದರಮಾವನ ಮಕ್ಕಳು ಸಂತೆಯಲ್ಲಿ, ನಾವು ಬಸ್‌ಸ್ಟ್ಯಾಂಡಿನ ಮಿರ್ಚಿ, ಮಂಡಾಳ ಒಗ್ಗರಣಿಯ ಅಂಗಡಿಗಳ ಮುಂದೆ. ದೀಪಾವಳಿಗೆ ಎಲ್ಲರೂ ಕೂಡಿದಾಗ ಯಾರ ಡಬ್ಬಿಗೆ ಹೆಚ್ಚು ಚಿಲ್ಲರೆ ಬಿತ್ತೆಂಬುದೇ ಜಗಳ.

ಗಬ್ಬೂರಿಗೆ ಹೈಕ್ ಹೋದದ್ದಂತೂ ಮೂಗಿನಲ್ಲೇ ಉಳಿದಿದೆ. ಹಳೆಯ ಗುಡಿಗಳ ಕಲ್ಲು ಇನ್ನೂ ಬಿಸಿಲು ಕಾರುತ್ತಿರುವಾಗ ತೊಗರಿಕಟಗಿ ಒಟ್ಟಿ ಬೆಂಕಿ ಮಾಡಿ, ಪಾತ್ರೆಯಿಲ್ಲದ ಅಡಿಗೆಯ ಪರೀಕ್ಷೆಗೆ ಬದನಿಕಾಯಿ ಕೆಂಡದಲ್ಲಿ ಹೂತು, ಆಲೂಗಡ್ಡೆಗೆ ಕರಿಮಣ್ಣು ಮೆತ್ತಿ, ಬೇಯುವತನಕ ಚಪ್ಪಾಳೆ ಹೊಡೆದು ಹಾಡಿ, ಕಡೆಗೆ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿಯ ಜೊತೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆವು. ಕೊಂಡಜ್ಜಿ ಗುಡ್ಡದ ಕೇಂದ್ರದಲ್ಲಿ ತರಬೇತಿ ಪಡೆದು ಬಂದಿದ್ದ ನಮ್ಮ ಮಾಸ್ತರರು ಎಲ್ಲರ ಊಟ ಆದಮೇಲೆಯೇ ಉಣ್ಣುತ್ತಿದ್ದರು.

ದಳವೆಂದರೆ ಅವರೇ. ಪ್ರಥಮ ಸೋಪಾನ, ದ್ವಿತೀಯ, ತೃತೀಯ, ಆಮೇಲೆ ರಾಜ್ಯ ಪುರಸ್ಕಾರ: ಒಬ್ಬ ಹುಡುಗನನ್ನು ಅಲ್ಲಿಯವರೆಗೆ ಕರೆದೊಯ್ಯಲು ವರ್ಷಗಳೇ ಹಿಡಿಯುತ್ತವೆ. ಈ ನಡುವೆ ಶಿಕ್ಷಕರ ವರ್ಗಾವಣೆಯ 2007ರ ಕಾಯ್ದೆ ಬಂತು, ಮುಂದೆ 2020ರದ್ದು ಬಂತು. ಹಳ್ಳಿಸಾಲಿಗೂ ಶಿಕ್ಷಕರು ಸಿಗಲಿ ಎಂಬುದು ಒಳ್ಳೆಯ ಉದ್ದೇಶವೇ. ಆದರೆ ಮಕ್ಕಳ ತಲೆ ಎಣಿಸಿ ಶಿಕ್ಷಕರನ್ನು 'ಹೆಚ್ಚುವರಿ' ಎಂದು ಬರೆಯುವ ಪಟ್ಟಿಯಲ್ಲಿ ಸ್ಕಾರ್ಫಿಗೆ ಕಾಲಂ ಇಲ್ಲ. ನಮ್ಮ ಮಾಸ್ತರರು ವರ್ಗವಾಗಿ ಹೋದ ವರ್ಷ ದಳದ ಧ್ವಜ ನಕಾಶೆಗಳ ಜೊತೆ ಬೀರು ಸೇರಿತು. ಅವರ ಜಾಗಕ್ಕೆ ಬಂದ ಅತಿಥಿ ಶಿಕ್ಷಕರ ನೇಮಕ ಆ ಶೈಕ್ಷಣಿಕ ವರ್ಷಕ್ಕಷ್ಟೇ. ತರಬೇತಿಗೆ ಹೋಗಿ ಬರುವಷ್ಟರಲ್ಲಿ ಅವರ ಕೆಲಸವೇ ಮುಗಿದಿರುತ್ತಿತ್ತು. ಅಣ್ಣನ ತೃತೀಯ ಸೋಪಾನ ಅರ್ಧಕ್ಕೇ ನಿಂತಿತು. ಸಣ್ಣವನು ಕಬ್ ದಾಟಿ ಸ್ಕೌಟ್ ಆಗಲೇ ಇಲ್ಲ.

2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ, ಟಿವಿಯಲ್ಲಿ ಆ ಸ್ಕಾರ್ಫುಗಳ ಸಾಲು ಕಂಡು ದೇವದುರ್ಗಕ್ಕೆ ಕೊಟ್ಟ ಅಕ್ಕ ಫೋನು ಮಾಡಿ, "ನಮ್ಮ ಕಡೀ ಹುಡುಗ್ರು ಅದಾರೇನು ನೋಡೋ" ಅಂದಳು. ಅವಳ ಮಗಳಿಗೆ ಗೈಡ್ ಆಗುವ ಆಸೆ. ಆ ಹುಡುಗಿಯ ಸಾಲಿಯಲ್ಲಿ ದಳ ನಡೆಸುವ ಗೈಡ್ ಕ್ಯಾಪ್ಟನ್ ಇಲ್ಲ.

ವರ್ಗಾವಣೆ ಕೌನ್ಸೆಲಿಂಗ್ ಮೇಜಿನ ಮುಂದೆ ಕೂಡುವ ಸಾಹೇಬರಲ್ಲಿ ನಮ್ಮದು ಇಷ್ಟೇ ಬೇಡಿಕೆ: ದಳ ನಡೆಸುವ ಶಿಕ್ಷಕರನ್ನು, ಕೈಯಲ್ಲಿರುವ ಮಕ್ಕಳ ಸೋಪಾನ ಪರೀಕ್ಷೆ ಮುಗಿಯುವತನಕವಾದರೂ ಅದೇ ಸಾಲಿಯಲ್ಲಿ ಇರಗೊಡ್ರಿ.