ಎರಡನೆಯ ಮನೆ

ಲಂಡನ್ ಮಹಾನಗರದ ಬೀದಿಗಳಲ್ಲಿ ಒಡೆಯರಿಲ್ಲದ ನಾಯಿಗಳು ಹಸಿದು ಅಲೆಯುತ್ತಿದ್ದ ಕಾಲದಲ್ಲಿ, 1860ರಲ್ಲಿ, ಮೇರಿ ಟೀಲ್ಬಿ ಎಂಬ ಮಹಿಳೆ ಅವುಗಳಿಗಾಗಿ ಹಾಲೋವೇ ಎಂಬಲ್ಲಿ ಒಂದು ಆಶ್ರಯಧಾಮವನ್ನು ತೆರೆದರು. ಮನುಷ್ಯರಿಗೇ ಸೂರಿಲ್ಲದ ಊರಿನಲ್ಲಿ ನಾಯಿಗಳಿಗೊಂದು ಮನೆಯೆ ಎಂದು ನಕ್ಕವರುಂಟು. ಆ ಪ್ರಶ್ನೆ ತೀರ ಅನ್ಯಾಯದ್ದೇನೂ ಅಲ್ಲ; ಆದರೆ ಹಾಗೆ ನಕ್ಕವರಲ್ಲಿ ಎಷ್ಟು ಮಂದಿ ಬಡವರಿಗೆ ಸೂರು ಕಟ್ಟಿಸಿಕೊಟ್ಟರೋ! ಆಕೆ 1865ರಲ್ಲಿ ತೀರಿಕೊಂಡರು. 1871ರಲ್ಲಿ ಬ್ಯಾಟರ್‌ಸಿ ಬಡಾವಣೆಗೆ ಬಂದ ಆ ಧಾಮ ಇಂದಿಗೂ ಅಲ್ಲಿಯೇ ಇದೆ.

ಇಂಥ ಧಾಮಕ್ಕೆ ನಾಯಿಯನ್ನು ಅರಸಿ ಹೋಗುವವರು, ಆರಿಸುವವರು ತಾವೆಂದೇ ತಿಳಿದಿರುತ್ತಾರೆ. ಅಲ್ಲಿ ನಡೆಯುವುದೇ ಬೇರೆ. ಮಕ್ಕಳ ವಯಸ್ಸೆಷ್ಟು, ಹಗಲು ಮನೆಯಲ್ಲಿ ಯಾರಿರುತ್ತಾರೆ, ಹಿತ್ತಿಲಿಗೆ ಬೇಲಿಯುಂಟೆ ಎಂದು ಅಲ್ಲಿನವರು ಒಂದೊಂದಾಗಿ ವಿಚಾರಿಸುತ್ತಾರೆ. ಹೆಣ್ಣು ನೋಡಲು ಹೋದವರು ಹೆಣ್ಣಿನ ಕಡೆಯವರ ಮುಂದೆ ಕೈಕಟ್ಟಿ ಕುಳಿತಂತೆ! ಒಮ್ಮೆ ಮನೆಯನ್ನು ಕಳೆದುಕೊಂಡ ಪ್ರಾಣಿ ಮತ್ತೊಮ್ಮೆ ಕಳೆದುಕೊಳ್ಳಬಾರದೆಂಬುದೇ ಅವರ ಚಿಂತೆ.

ಟೆರಿಯರ್ ಜಾತಿಯ ಚಿಕ್ಕ ನಾಯಿಯಾದರಂತೂ ಈ ವಿಚಾರಣೆ ಇನ್ನೂ ಅಗತ್ಯ. ಅದರ ಗಾತ್ರವೇ ನೋಡುವವರನ್ನು ಮೋಸಗೊಳಿಸುತ್ತದೆ. ಭೂಮಿ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಆ ಹೆಸರು ಬಂದಿದೆ. ನರಿಯ ಬಿಲವನ್ನು ಹೊಕ್ಕು, ಒಡೆಯನ ಅಪ್ಪಣೆ ಕೇಳಿಸದ ಕತ್ತಲೆಯಲ್ಲಿ ತಾನೇ ನಿರ್ಧರಿಸಿ ಶತ್ರುವನ್ನು ಎದುರಿಸಬೇಕಾದ ಕೆಲಸ ಅದರದು. ಆ ಕೆಲಸಕ್ಕೆಂದೇ ಡೆವನ್ ಪ್ರಾಂತದ ಪಾದ್ರಿ ಜಾನ್ ರಸೆಲ್ (1795–1883) ಬೆಳೆಸಿದ ತಳಿ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ತೊಡೆಯ ಮೇಲೆ ಮುದುಡಿ ಮಲಗುವ ಬೊಂಬೆಯೆಂದು ಅದನ್ನು ಮನೆಗೆ ತರುವವರ ಹೂದೋಟಕ್ಕೆ ಕ್ಷೇಮವಿಲ್ಲ.

ಇದು ಜಾತಿಗುಣವಾಯಿತು, ಪೂರ್ವಚರಿತ್ರೆಯನ್ನು ತಿಳಿಯುವುದು ಹೇಗೆ? ಬ್ರಿಟನ್ನಿನ ಈಗಿನ ರಾಣಿ ಕಮಿಲಾ ಬ್ಯಾಟರ್‌ಸಿಯಿಂದ ತಂದು ಸಾಕಿದ ಬ್ಲೂಬೆಲ್ ಎಂಬ ಟೆರಿಯರ್, ಮೈಕೂದಲು ಉದುರಿ, ಹುಣ್ಣುಗಳಿಂದ ನರಳುತ್ತ ಕಾಡಿನಲ್ಲಿ ಅಲೆಯುತ್ತಿದ್ದಾಗ ಸಿಕ್ಕಿತಂತೆ. ಅದಕ್ಕೆ ಮೊದಲಿನ ಕಥೆಯನ್ನು ಹೇಳಲು ನಾಯಿಗೆ ಮಾತಿಲ್ಲ.

ಅಂಥದೇ ಒಂದು ಟೆರಿಯರನ್ನು ಮನೆಗೆ ಕರೆತಂದ ಲಂಡನ್ನಿನ ಸಂಸಾರವೊಂದರ ಪಾಡು ಹೀಗಿತ್ತು. ಮೊದಲೆರಡು ದಿನ ನಾಯಿ ಮೇಜಿನ ಕೆಳಗಿನಿಂದ ಹೊರಬರಲಿಲ್ಲ. ಯಾರೂ ನೋಡದಿದ್ದಾಗ ಮಾತ್ರ ತಿನ್ನುತ್ತಿತ್ತು. ಪೊರಕೆಯನ್ನು ಕಂಡರೆ ನೆಲಕ್ಕೆ ಅಂಟಿಕೊಂಡು ನಡುಗುತ್ತಿತ್ತು. ಮನೆಯವರು ಮರುಮಾತಿಲ್ಲದೆ ಪೊರಕೆಯನ್ನು ಕೋಣೆಯೊಳಗಿಟ್ಟರು. ಐದನೆಯ ದಿನ ಕಿರಿಯ ಮಗ ಅಕ್ಕರೆಯಿಂದ ಅದರ ಕೊರಳನ್ನು ತಬ್ಬಿಕೊಳ್ಳಹೋದಾಗ ಅದು ಹಲ್ಲು ತೋರಿಸಿ ಗುರುಗುಟ್ಟಿತು.

ಆ ರಾತ್ರಿ ತಂದೆ, “ನಾಳೆಯೇ ಇದನ್ನು ಹಿಂದಕ್ಕೆ ಒಪ್ಪಿಸಿಬಿಡೋಣ. ಮಗುವಿಗೆ ಏನಾದರೂ ಆದರೆ ಗತಿಯೇನು?” ಎಂದನು. ಆ ಮಾತಿನಲ್ಲಿ ತಪ್ಪಿರಲಿಲ್ಲ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಕಚ್ಚಲಿಲ್ಲವಲ್ಲ, ಬೇಡ ಎಂದಿತು, ಅಷ್ಟೆ. ಧಾಮದವರನ್ನು ಒಮ್ಮೆ ಕೇಳಿ ನೋಡೋಣ” ಎಂದಳು.

ಧಾಮದವರು ಗದರಿಸಬೇಡಿರೆಂದರು. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಅದಕ್ಕಾಗಿ ದಂಡಿಸಿದರೆ ಎಚ್ಚರಿಕೆ ಕೊಡದೆಯೇ ಕಚ್ಚುವುದನ್ನು ಅದು ಕಲಿತೀತು. ಮಗುವನ್ನೂ ನಾಯಿಯನ್ನೂ ಒಂಟಿಯಾಗಿ ಬಿಡಬಾರದು. ಅದು ಮಲಗಿದೆಡೆಗೆ ಯಾರೂ ಹೋಗಬಾರದು. ಬೇಕೆನಿಸಿದಾಗ ಅದೇ ಬರಲಿ.

ಇವುಗಳಲ್ಲಿ ಕಠಿನವಾದದ್ದು ಕೊನೆಯದೇ. ಏಳು ವರ್ಷದ ಹುಡುಗನಿಗೆ ಕೈಗೆಟುಕುವಷ್ಟು ಹತ್ತಿರದಲ್ಲಿರುವ ನಾಯಿಯನ್ನು ಮುಟ್ಟದಿರುವುದೆಂದರೆ ಸಾಮಾನ್ಯ ತಪಸ್ಸಲ್ಲ. ಆದರೂ ಅವನು ದಿನವೂ ಸಂಜೆ ನೆಲದ ಮೇಲೆ, ನಾಯಿಯತ್ತ ನೋಡದೆ, ಪುಸ್ತಕ ಹಿಡಿದು ಕುಳಿತನು. ಪುಟ ತಿರುವಿದ್ದು ಎಷ್ಟೋ, ಓರೆಗಣ್ಣಿನಿಂದ ನೋಡಿದ್ದು ಎಷ್ಟೋ! ನಾಲ್ಕನೆಯ ವಾರದ ಒಂದು ಸಂಜೆ ಮೇಜಿನ ಕೆಳಗಿನಿಂದ ಉಗುರುಗಳ ಸಪ್ಪಳ ಕೇಳಿಸಿತು. ನಾಯಿ ಬಂದು, ಅವನ ಮೊಣಕಾಲನ್ನು ಮೂಸಿ, ಒಂದು ಗೇಣು ದೂರದಲ್ಲಿ ಮಲಗಿಕೊಂಡಿತು. ಹುಡುಗ ಉಸಿರು ಬಿಗಿಹಿಡಿದು ತಾಯಿಯತ್ತ ನೋಡಿದನು. ಕೈಯನ್ನು ಮಾತ್ರ ಚಾಚಲಿಲ್ಲ.

ತಂದೆ ಮರುದಿನ ಬೇಲಿಯ ಬುಡವನ್ನು ಭದ್ರಪಡಿಸಿ, ಅಗೆಯಲೆಂದು ಹಿತ್ತಿಲಿನ ಒಂದು ಮೂಲೆಯಲ್ಲಿ ಮರಳು ಸುರಿಸಿದನು. ನಾಯಿಗೆ ಗುಲಾಬಿಯ ಪಾತಿಯೇ ಹೆಚ್ಚು ಮೆಚ್ಚಿಗೆಯಾಯಿತು.